ಬೇವು, ಬೆಲ್ಲ ಮತ್ತು ಒಂದು ಲೋಟ ನೀರು

ಫಾಲ್ಗುಣ ಮುಗಿಯಿತು. ಚೈತ್ರ ಬಂತು.

ಬಸವನಗುಡಿಯ ಬೀದಿಗಳಲ್ಲಿ ಹೊಂಗೆ ಮರ ಚಿಗುರಿದೆ. ಬೇವಿನ ಮರ ಹೂ ಬಿಟ್ಟಿದೆ. ಗಾಂಧಿ ಬಜಾರಿನಲ್ಲಿ ಮಾವಿನಕಾಯಿ ರಾಶಿ ಬಿದ್ದಿದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಬೇವಿನ ಸೊಪ್ಪು, ಮಾವಿನ ಎಲೆ ಮಾರುತ್ತಾರೆ. ಇದು ವಸಂತ ಕಾಲ.

ವಸಂತ ಚೆಲುವಾದ ಕಾಲ. ಆದರೆ ಕಾಯಿಲೆಯ ಕಾಲವೂ ಹೌದು. ಈ ಕಾಲದಲ್ಲಿ ನಾವು ಆರೋಗ್ಯವಾಗಿ ಇರುವುದು ಹೇಗೆ? ಹಿರಿಯರು ಏನು ಹೇಳಿದರು? ಇಂದಿನ ವೈದ್ಯರು ಏನು ಹೇಳುತ್ತಾರೆ? ಬನ್ನಿ, ನೋಡೋಣ.

ಆವತ್ತು ಏನಾಯಿತು?

ನಮ್ಮ ಕಲಿಕೆಯ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾಳೆ. ಹೂ ಮಾರುವುದು ಅವಳ ಕೆಲಸ. ಬೆಳಗಿನ ಜಾವ ನಾಲ್ಕಕ್ಕೇ ಮಾರ್ಕೆಟ್ಟಿಗೆ ಹೋಗುತ್ತಾಳೆ. ಹೂ ತರುತ್ತಾಳೆ. ಚಾಮರಾಜಪೇಟೆಯ ಒಂದು ರಸ್ತೆ ಬದಿಯಲ್ಲಿ ಮಂಕರಿ ಇಟ್ಟು ಕೂರುತ್ತಾಳೆ. ಯುಗಾದಿ, ರಾಮನವಮಿ, ಕರಗ ಸಾಲಾಗಿ ಬರುತ್ತವೆ. ಆ ಹದಿನೈದು ದಿನ ಅವಳಿಗೆ ಬಿಡುವೇ ಇಲ್ಲ.

ಹೋದ ವರ್ಷದ ರಾಮನವಮಿಯ ದಿನ. ಬೀದಿ ಬೀದಿಯಲ್ಲೂ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆ. ಬಿಸಿಲು ಸುಡುತ್ತಿತ್ತು. ಪಾನಕದ ಡ್ರಮ್ಮು ಹತ್ತು ಹೆಜ್ಜೆ ದೂರದಲ್ಲಿತ್ತು. ಅಲ್ಲೇ ನಮ್ಮ ಅಕ್ಕ ತಲೆ ಸುತ್ತಿ ಬಿದ್ದಳು.

ಜನ ಓಡಿ ಬಂದರು. ನೆರಳಿಗೆ ಕರೆದುಕೊಂಡು ಹೋದರು. ಮುಖಕ್ಕೆ ನೀರು ಚಿಮುಕಿಸಿದರು. ಎಚ್ಚರ ಬಂತು.

“ಬೆಳಗ್ಗೆಯಿಂದ ಏನು ಕುಡಿದೆ ಅಕ್ಕಾ?”

“ಒಂದು ಲೋಟ ಕಾಫಿ.”

“ನೀರು?”

ಅಕ್ಕ ತಲೆ ತಗ್ಗಿಸಿದಳು. ಮೆಲ್ಲಗೆ ಹೇಳಿದಳು: “ನೀರು ಕುಡಿದ್ರೆ ಒಂದಕ್ಕೆ ಹೋಗ್ಬೇಕಾಗತ್ತೆ. ಹೋಗೋದು ಎಲ್ಲಿಗೆ?”

ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳೋಣ. ಮುಂದೆ ಇದೇ ಮಾತಿಗೆ ಮತ್ತೆ ಬರೋಣ.

ಹಿರಿಯರ ಲೆಕ್ಕ

ನಮ್ಮ ಹಿರಿಯರು ವರ್ಷವನ್ನು ಆರು ಋತು ಮಾಡಿದರು. ಒಂದೊಂದು ಋತುವಿಗೆ ಎರಡು ತಿಂಗಳು. ಚೈತ್ರ, ವೈಶಾಖ ಸೇರಿದರೆ ವಸಂತ. ಜ್ಯೇಷ್ಠ, ಆಷಾಢ ಸೇರಿದರೆ ಗ್ರೀಷ್ಮ, ಅಂದರೆ ಕಡು ಬೇಸಿಗೆ. ಯಾವ ಋತುವಿನಲ್ಲಿ ಏನು ತಿನ್ನಬೇಕು, ಹೇಗೆ ಇರಬೇಕು ಅಂತ ಆಯುರ್ವೇದ ಹೇಳುತ್ತದೆ. ಇದಕ್ಕೆ ಋತುಚರ್ಯೆ ಅಂತ ಹೆಸರು. ಚರಕ ಸಂಹಿತೆ ಎಂಬ ಹಳೆಯ ಗ್ರಂಥದಲ್ಲಿ ಇದು ಇದೆ.

ಆ ಲೆಕ್ಕ ಹೀಗಿದೆ. ಚಳಿಗಾಲದಲ್ಲಿ ಮೈಯಲ್ಲಿ ಕಫ ಕೂಡಿಕೊಳ್ಳುತ್ತದೆ. ವಸಂತದ ಬಿಸಿಲಿಗೆ ಆ ಕಫ ಕರಗುತ್ತದೆ. ಆಗ ಹೊಟ್ಟೆಯ ಬೆಂಕಿ ಕುಂದುತ್ತದೆ. ತಿಂದದ್ದು ಅರಗುವುದಿಲ್ಲ. ಅದಕ್ಕೆ ಹಗುರವಾದ ಊಟ ಮಾಡಬೇಕು. ಜಿಡ್ಡು, ಹುಳಿ, ಅತಿ ಸಿಹಿ ಕಡಿಮೆ ಮಾಡಬೇಕು. ಮೈ ಬಗ್ಗಿಸಿ ಕೆಲಸ ಮಾಡಬೇಕು. ಹಗಲು ನಿದ್ದೆ ಬೇಡ.

ಚೀನಾ ದೇಶದಲ್ಲೂ ಹಳೆಯ ವೈದ್ಯ ಪದ್ಧತಿ ಇದೆ. ಅವರೂ ಋತು ನೋಡಿ ಬದುಕು ಅಂತಾರೆ. ವಸಂತದಲ್ಲಿ ಬೇಗ ಏಳು, ಅಂಗಳದಲ್ಲಿ ನಡೆದಾಡು, ಮುಡಿ ಸಡಿಲ ಬಿಡು, ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಳ್ಳಬೇಡ ಅಂತ ಅವರ ಮಾತು. ನಾವು ಕಫ ಅಂದರೆ ಅವರು ಪಿತ್ತಜನಕಾಂಗದ ಮಾತು ಆಡುತ್ತಾರೆ. ಲೆಕ್ಕ ಬೇರೆ. ಆದರೆ ಕಾಲ ಬದಲಾದಾಗ ನಾವೂ ಬದಲಾಗಬೇಕು ಎಂಬ ಬುದ್ಧಿ ಒಂದೇ.

ಇಂದಿನ ವೈದ್ಯರು ಕಾಯಿಲೆಯನ್ನು ಈ ಲೆಕ್ಕದಲ್ಲಿ ವಿವರಿಸುವುದಿಲ್ಲ. ಅವರು ಹೇಳುವುದು ಬೇರೆ. ಸೆಕೆ ಹೆಚ್ಚಾದರೆ ಅನ್ನ, ಸಾರು, ಹಾಲು ಬೇಗ ಹಳಸುತ್ತವೆ. ಅದರಲ್ಲಿ ರೋಗಾಣು ಬೇಗ ಬೆಳೆಯುತ್ತವೆ. ನೀರು ಕಡಿಮೆಯಾಗುತ್ತದೆ, ಕೊಳೆಯಾಗುತ್ತದೆ. ಬೆವರಿನಲ್ಲಿ ಮೈಯ ನೀರು, ಉಪ್ಪು ಹೋಗುತ್ತದೆ. ಆದರೂ ಹಗುರ ಊಟ ಒಳ್ಳೆಯದು ಎಂಬ ಮಾತನ್ನು ಅವರೂ ಒಪ್ಪುತ್ತಾರೆ.

ಪುಸ್ತಕದ ವಸಂತ, ನಮ್ಮೂರ ವಸಂತ

ಇಲ್ಲಿ ಒಂದು ವಿಷಯ ಗಮನಿಸಿ. ಪುಸ್ತಕದಲ್ಲಿ ವಸಂತ ಹಿತವಾದ ಕಾಲ. ಕಡು ಬೇಸಿಗೆ ಆಮೇಲೆ ಬರುತ್ತದೆ. ನಮ್ಮ ಬೆಂಗಳೂರಿನಲ್ಲಿ ಹಾಗಲ್ಲ. ಇಲ್ಲಿ ಏಪ್ರಿಲ್ ತಿಂಗಳಿನಲ್ಲೇ ಸೆಕೆ ಜಾಸ್ತಿ. ಹಗಲಿನ ಬಿಸಿ ಸಾಮಾನ್ಯವಾಗಿ 34 ಡಿಗ್ರಿ ಆಸುಪಾಸು ಇರುತ್ತದೆ. 2016ರ ಏಪ್ರಿಲ್‌ನಲ್ಲಿ 39 ಡಿಗ್ರಿ ದಾಟಿತ್ತು. ಜೂನ್ ಬಂದರೆ ಮಳೆ, ತಂಪು.

ಅಂದರೆ ನಮ್ಮೂರಿನಲ್ಲಿ ವಸಂತ, ಬೇಸಿಗೆ ಎರಡೂ ಒಟ್ಟಿಗೇ ಬರುತ್ತವೆ. ನಮ್ಮ ಹಬ್ಬಗಳನ್ನೇ ನೋಡಿ. ಯುಗಾದಿಯ ದಿನ ಬೇವು ತಿನ್ನುತ್ತೇವೆ. ಕಹಿ ತಿನ್ನುವುದು ವಸಂತದ ಪದ್ಧತಿ. ಕಹಿ ಕಫ ಕಳೆಯುತ್ತದೆ ಅಂತ ಆಯುರ್ವೇದದ ಮಾತು. ಅಲ್ಲಿಂದ ಎಣಿಸಿದರೆ ಒಂಬತ್ತನೇ ದಿನ ರಾಮನವಮಿ. ಆವತ್ತು ಪಾನಕ ಕುಡಿಯುತ್ತೇವೆ. ಸಿಹಿಯಾದ, ತಣ್ಣನೆಯ ನೀರು ಕುಡಿಯುವುದು ಗ್ರೀಷ್ಮದ ಪದ್ಧತಿ. ಒಂಬತ್ತೇ ದಿನದಲ್ಲಿ ಎರಡು ಋತುವಿನ ಊಟ! ನಮ್ಮ ಅಜ್ಜಿಯರು ಪುಸ್ತಕ ನೋಡಲಿಲ್ಲ. ಆಕಾಶ ನೋಡಿದರು.

ಬೇವು ಬೆಲ್ಲ

ಬೇವಿನ ಎಳೆ ಚಿಗುರು, ಹೂ, ಬೆಲ್ಲ ಸೇರಿಸಿ ತಿನ್ನುತ್ತೇವೆ. ಬದುಕಿನಲ್ಲಿ ಕಹಿಯೂ ಇದೆ, ಸಿಹಿಯೂ ಇದೆ ಅಂತ ಅದರ ಅರ್ಥ. ತಿನ್ನೋಣ, ಒಳ್ಳೆಯದು. ಆದರೆ ಒಂದು ದಿನ ಚಿಟಿಕೆ ಬೇವು ತಿಂದರೆ ವರ್ಷವೆಲ್ಲಾ ಕಾಯಿಲೆ ಬರುವುದಿಲ್ಲ ಅಂತ ನಂಬಿ ಕೂರುವುದು ಬೇಡ.

ಇನ್ನೊಂದು ಎಚ್ಚರಿಕೆ. ಬೇವಿನ ಎಣ್ಣೆಯನ್ನು ಮಗುವಿಗೆ ಕುಡಿಸಬಾರದು. ಅದು ಚಿಕ್ಕ ಮಕ್ಕಳಿಗೆ ವಿಷ. ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ವಸಂತದಲ್ಲಿ ಜೇನುತುಪ್ಪ ಒಳ್ಳೆಯದು ಅಂತಾರೆ. ದೊಡ್ಡವರಿಗೆ ಸರಿ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು.

ಪಾನಕ, ಮಜ್ಜಿಗೆ, ಕೋಸಂಬರಿ

ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನದ ರಾಮನವಮಿ ಸಂಗೀತ ನಾಡಿಗೆಲ್ಲಾ ಗೊತ್ತು. ಶ್ರೀ ರಾಮಸೇವಾ ಮಂಡಳಿ ಶುರುವಾದದ್ದು 1939ರಲ್ಲಿ. ಆದರೆ ರಾಮನವಮಿ ಅಂದರೆ ನಮಗೆ ಮೊದಲು ನೆನಪಾಗುವುದು ಪಾನಕ, ಕೋಸಂಬರಿ!

ಪಾನಕಕ್ಕೆ ಬೇಕಾದದ್ದು ಇಷ್ಟೇ: ನೀರು, ಬೆಲ್ಲ, ನಿಂಬೆಹಣ್ಣು ಅಥವಾ ಬೇಲದ ಹಣ್ಣು, ಸ್ವಲ್ಪ ಶುಂಠಿ, ಏಲಕ್ಕಿ. ನೀರು ದಣಿವು ಆರಿಸುತ್ತದೆ. ಬೆಲ್ಲ ಬೇಗ ಶಕ್ತಿ ಕೊಡುತ್ತದೆ. ನೀರು ಮಜ್ಜಿಗೆಗೆ ಚಿಟಿಕೆ ಉಪ್ಪು ಹಾಕುತ್ತೇವೆ. ಬೆವರಿನಲ್ಲಿ ಹೋದ ಉಪ್ಪು ಮತ್ತೆ ಬರುತ್ತದೆ.

ಕೋಸಂಬರಿಗೆ ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನ ತುರಿ, ನಿಂಬೆರಸ, ಕೊತ್ತಂಬರಿ ಸೊಪ್ಪು. ಹೆಸರುಬೇಳೆ ಮೈಗೆ ಬಲ. ಸೌತೆಕಾಯಿಯಲ್ಲಿ ನೀರೇ ಹೆಚ್ಚು. ಎಣ್ಣೆ ಬೇಕಾಗುವುದು ಒಗ್ಗರಣೆಗೆ ಮಾತ್ರ. ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲುವ ಕಷ್ಟವೂ ಇಲ್ಲ. ಇದನ್ನು ರಾಮನವಮಿಗೆ ಮಾತ್ರ ಯಾಕೆ ಮಾಡಬೇಕು? ಬೇಸಿಗೆ ಮುಗಿಯುವ ತನಕ ವಾರಕ್ಕೆ ಮೂರು ದಿನ ಮಾಡೋಣ.

ಆದರೆ ನೆನಪಿಡಿ:

ಪಾನಕದ ನೀರು ಕುದಿಸಿ ಆರಿಸಿದ್ದಾಗಿರಬೇಕು.

ಸೌತೆಕಾಯಿ, ಕೊತ್ತಂಬರಿ ಚೆನ್ನಾಗಿ ತೊಳೆಯಬೇಕು.

ಕೋಸಂಬರಿ ಮಾಡಿದ ಕೂಡಲೇ ತಿನ್ನಬೇಕು. ಸಂಜೆವರೆಗೆ ಇಟ್ಟರೆ ಹಳಸುತ್ತದೆ.

ಬೀದಿಯಲ್ಲಿ ಸಿಗುವ ಐಸು ಎಲ್ಲಾ ಕುಡಿಯುವ ನೀರಿನದಲ್ಲ. ಅದು ಬೇಡ.

ಸಕ್ಕರೆ ಕಾಯಿಲೆ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಅವರಿಗೆ ಪಾನಕ ಬೇಡ, ಮಜ್ಜಿಗೆ ಸಾಕು. ರಕ್ತದ ಒತ್ತಡ ಇದ್ದವರು ಮಜ್ಜಿಗೆಗೆ ಉಪ್ಪು ಕಡಿಮೆ ಹಾಕಬೇಕು.

ನೀರು ಕುದಿಸೋಣ

ಬೆಂಗಳೂರಿಗೆ ಕಾವೇರಿ ನೀರು ಬಂದದ್ದು 1974ರಲ್ಲಿ. ನೂರು ಕಿಲೋಮೀಟರು ದೂರದಿಂದ ಪಂಪು ಮಾಡಿ ತರುತ್ತಾರೆ. ಆದರೂ ಬೇಸಿಗೆಯಲ್ಲಿ ನೀರಿಗೆ ಪರದಾಟ ತಪ್ಪಿಲ್ಲ. 2024ರ ಬೇಸಿಗೆ ನೆನಪಿದೆಯಲ್ಲ? ಸಾವಿರಾರು ಬೋರ್‌ವೆಲ್ಲು ಬತ್ತಿದವು. ಟ್ಯಾಂಕರಿಗೆ ಕಾದು ಕಾದು ಸಾಕಾಯಿತು.

ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೆ ಒಂದು ಅಪಾಯ ಇದೆ. ನೀರು ನಿಂತಾಗ ಕೊಳವೆ ಖಾಲಿಯಾಗುತ್ತದೆ. ಕೊಳವೆ ಒಡೆದಿದ್ದರೆ ಸುತ್ತಲಿನ ಕೊಳೆ ಒಳಗೆ ಸೇರುತ್ತದೆ. ನೀರು ತಿಳಿಯಾಗಿ ಕಂಡರೂ ಅದರಲ್ಲಿ ರೋಗಾಣು ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ.

ಅದಕ್ಕೆ ಕುಡಿಯುವ ನೀರನ್ನು ಕುದಿಸಬೇಕು. ಬೆಚ್ಚಗೆ ಮಾಡಿದರೆ ಸಾಲದು. ಕೊತ ಕೊತ ಕುದಿ ಬರಬೇಕು. ಕುದಿ ಬಂದ ಮೇಲೆ ಒಂದೆರಡು ನಿಮಿಷ ಬಿಡಬೇಕು. ಆರಿದ ಮೇಲೆ ತೊಳೆದ ಮಣ್ಣಿನ ಮಡಕೆಗೆ ಹಾಕಿ ಮುಚ್ಚಬೇಕು. ಲೋಟ ಅದ್ದಬಾರದು, ಕೈ ತಾಗಬಾರದು. ಉದ್ದ ಹಿಡಿಯ ಸೌಟಿನಲ್ಲಿ ತೆಗೆಯಬೇಕು.

ವಾಂತಿ ಭೇದಿ ಆದರೆ

ಮಗುವಿಗೆ ಭೇದಿ ಆದರೆ ಕೆಲವರು ನೀರು ಕೊಡುವುದನ್ನೇ ನಿಲ್ಲಿಸುತ್ತಾರೆ. “ಕುಡಿದ್ರೆ ಇನ್ನೂ ಜಾಸ್ತಿ ಹೋಗತ್ತೆ” ಅಂತಾರೆ. ಇದು ತಪ್ಪು. ಭೇದಿಯಲ್ಲಿ ಜೀವಕ್ಕೆ ಅಪಾಯ ಬರುವುದು ಮೈಯ ನೀರು, ಉಪ್ಪು ಹೋಗುವುದರಿಂದ. ಹೋದಷ್ಟು ನೀರನ್ನು ಮತ್ತೆ ತುಂಬಬೇಕು.

ಇದಕ್ಕೆ ಒಂದು ಕತೆ ಇದೆ, ನಿಜವಾದ ಕತೆ. 1971ರಲ್ಲಿ ಬಾಂಗ್ಲಾದೇಶದಲ್ಲಿ ಯುದ್ಧ ನಡೆಯಿತು. ಲಕ್ಷಾಂತರ ಜನ ನಮ್ಮ ದೇಶದ ಪಶ್ಚಿಮ ಬಂಗಾಳಕ್ಕೆ ಓಡಿ ಬಂದರು. ಅವರಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಹಾಕುವ ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಅಲ್ಲಿ ದಿಲೀಪ್ ಮಹಲನಬಿಸ್ ಎಂಬ ಡಾಕ್ಟರು ಇದ್ದರು. ಅವರು ಗ್ಲೂಕೋಸು, ಉಪ್ಪು, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಇಟ್ಟರು. ರೋಗಿಗಳ ಮನೆಯವರೇ ಅದನ್ನು ಲೋಟದಲ್ಲಿ ಕುಡಿಸಿದರು. ಸಾವು ಬಹಳ ಕಡಿಮೆಯಾಯಿತು. ಇವತ್ತು ಜಗತ್ತಿನಲ್ಲೆಲ್ಲಾ ಇದೇ ಮದ್ದು. ಇದೇ ಓಆರ್‌ಎಸ್.

ಓಆರ್‌ಎಸ್ ಪೊಟ್ಟಣ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ. ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರು ನೀರಿಗೆ ಹಾಕಬೇಕು. ಅರ್ಧರ್ಧ ಹಾಕಬಾರದು.

ಪೊಟ್ಟಣ ಇಲ್ಲವೇ? ಮನೆಯಲ್ಲೇ ಮಾಡೋಣ:

ಕುದಿಸಿ ಆರಿಸಿದ ನೀರು – 1 ಲೀಟರು

ಸಕ್ಕರೆ – ಟೀ ಚಮಚದಲ್ಲಿ ಸಮಮಟ್ಟಕ್ಕೆ 6 ಚಮಚ

ಉಪ್ಪು – ಅದೇ ಟೀ ಚಮಚದಲ್ಲಿ ಅರ್ಧ

ಚೆನ್ನಾಗಿ ಕದಡಿ. ರುಚಿ ನೋಡಿ. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿ ಇರಬಾರದು. ಗುಟುಕು ಗುಟುಕಾಗಿ ಕುಡಿಸಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕುಡಿಸಿ. ಒಂದು ದಿನ ಕಳೆದರೆ ಚೆಲ್ಲಿ, ಹೊಸದು ಮಾಡಿ. ತಾಯಿ ಹಾಲು ನಿಲ್ಲಿಸಬೇಡಿ. ಭೇದಿಯಾದ ಮಗುವಿಗೆ ಆಸ್ಪತ್ರೆಯಲ್ಲಿ ಸತುವಿನ ಮಾತ್ರೆ ಕೊಡುತ್ತಾರೆ. ಭೇದಿ ನಿಂತರೂ ಅದನ್ನು 14 ದಿನ ಕೊಡಬೇಕು.

ಮಗುವಿನ ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಕುಡಿಯಲೂ ಆಗದೆ ಮಂಕಾದರೆ ತಡ ಬೇಡ. ಕೂಡಲೇ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಓಆರ್‌ಎಸ್ ಕುಡಿಸುತ್ತಾ ಹೋಗಿ.

“ಅಮ್ಮ” ಆದರೆ

ಈ ಕಾಲದಲ್ಲಿ ಮಕ್ಕಳ ಮೈಮೇಲೆ ನೀರುಗುಳ್ಳೆ ಏಳುತ್ತವೆ. ನಾವು “ಅಮ್ಮ ಆಗಿದೆ” ಅನ್ನುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತೇವೆ. ಇದು ಸೀತಾಳೆ ಸಿಡುಬು. ಗಾಳಿಯಿಂದ, ಗುಳ್ಳೆಯ ನೀರಿನಿಂದ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ.

ಹಿಂದೆ ದೊಡ್ಡ ಸಿಡುಬು ಇತ್ತು. ಊರೂರನ್ನೇ ನುಂಗುತ್ತಿತ್ತು. ಲಸಿಕೆ ಹಾಕಿ ಹಾಕಿ ಅದನ್ನು ಓಡಿಸಿದೆವು. ನಮ್ಮ ದೇಶದಲ್ಲಿ 1975ರಿಂದ ಅದು ಇಲ್ಲ. 1980ರಲ್ಲಿ ಜಗತ್ತಿನಲ್ಲೇ ಇಲ್ಲ ಅಂತ ಸಾರಿದರು.

ಅಮ್ಮ ಆದ ಮನೆಗೆ ಬೇರೆಯವರು ಬರಬಾರದು ಅಂತ ಹಿರಿಯರು ಹೇಳಿದ್ದರು. ಅದು ಒಳ್ಳೆಯ ಪದ್ಧತಿ. ಹರಡುವುದು ಕಡಿಮೆಯಾಗುತ್ತದೆ. ಮಗುವಿನ ಉಗುರು ಕತ್ತರಿಸೋಣ. ಹತ್ತಿ ಬಟ್ಟೆ ಹಾಕೋಣ. ಗಂಜಿ, ಎಳನೀರು, ಮಜ್ಜಿಗೆ ಕೊಡೋಣ. ಆದರೆ ಡಾಕ್ಟರಿಗೆ ತೋರಿಸಿದರೆ ಅಮ್ಮನಿಗೆ ಸಿಟ್ಟು ಬರುತ್ತದೆ ಅನ್ನುವುದು ಬೇಡ. ಮಗುವಿಗೆ ಆಸ್ಪಿರಿನ್ ಮಾತ್ರೆ ಕೊಡಬಾರದು. ಬಸುರಿಯರು ಆ ಮನೆಯಿಂದ ದೂರ ಇರಬೇಕು. ಬಸುರಿಗೇ ಗುಳ್ಳೆ ಕಂಡರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ದಡಾರ ಬೇರೆ ಕಾಯಿಲೆ. ಅದಕ್ಕೆ ಸರ್ಕಾರ ಉಚಿತವಾಗಿ ಲಸಿಕೆ ಕೊಡುತ್ತದೆ. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಎರಡನ್ನೂ ತಪ್ಪದೆ ಹಾಕಿಸೋಣ.

ಬಿಸಿಲು ಬಡಿದರೆ

ತಲೆ ನೋವು, ತಲೆ ಸುತ್ತು, ಓಕರಿಕೆ, ಕಾಲು ಹಿಡಿತ ಬಂದರೆ ಮೈ ನೀರು ಕೇಳುತ್ತಿದೆ ಅಂತ ಅರ್ಥ. ಕೂಡಲೇ ನೆರಳಿಗೆ ಹೋಗಿ. ಬಟ್ಟೆ ಸಡಿಲ ಮಾಡಿ. ಒದ್ದೆ ಬಟ್ಟೆಯಿಂದ ಕತ್ತು, ಕಂಕುಳು ಒರೆಸಿ. ಬೀಸಿ. ನೀರು ಅಥವಾ ಮಜ್ಜಿಗೆ ಸ್ವಲ್ಪ ಸ್ವಲ್ಪ ಕುಡಿಯಿರಿ.

ಮೈ ಕೆಂಡದ ಹಾಗೆ ಸುಟ್ಟರೆ, ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ದೊಡ್ಡ ಅಪಾಯ. 108ಕ್ಕೆ ಫೋನು ಮಾಡಿ. ಗಾಡಿ ಬರುವವರೆಗೆ ಮೈಗೆ ತಣ್ಣೀರು ಹಾಕಿ ಬೀಸುತ್ತಾ ಇರಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹುಯ್ಯಬೇಡಿ.

ನಾವು ಕುಡಿದೆವಾ?

ಈಗ ಆ ಅಕ್ಕನ ಮಾತಿಗೆ ಬರೋಣ. “ಹೋಗೋದು ಎಲ್ಲಿಗೆ?”

ಗುಂಪಿನಲ್ಲಿ ಈ ಮಾತು ಬಂದಾಗ ಎಲ್ಲರೂ ಸುಮ್ಮನಾದೆವು. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮನೆಗೆಲಸಕ್ಕೆ ಹೋಗುವವಳು ಹೇಳಿದಳು: “ನಾಲ್ಕು ಮನೆ ತೊಳೀತೀನಿ. ಒಂದು ಮನೇಲೂ ನಂಗೆ ಬಚ್ಚಲಿಲ್ಲ.” ಊದುಬತ್ತಿ ಹೊಸೆಯುವವಳು ಹೇಳಿದಳು: “ಎದ್ದು ಹೋದ್ರೆ ಕೂಲಿ ಕಡಿಮೆ ಆಗತ್ತೆ.” ಮನೆಯಲ್ಲೇ ಇರುವವಳು ಹೇಳಿದಳು: “ನಂಗೆ ನೆನಪೇ ಆಗಲ್ಲ ಕಣಮ್ಮಾ. ಎಲ್ಲರಿಗೂ ಕೊಡ್ತೀನಿ.”

ನೋಡಿ, ಎಲ್ಲರಿಗೂ ಪಾನಕ ಕೊಡುವವರು ನಾವು. ಕೊನೆಗೆ ಉಂಡು, ಉಳಿದದ್ದು ಕುಡಿಯುವವರೂ ನಾವೇ. ಋತುಚರ್ಯೆ ಮನೆಯವರಿಗೆಲ್ಲಾ ಮಾಡಿಸುತ್ತೇವೆ. ನಮ್ಮ ಮೈಗೂ ಋತು ಇದೆ ಅನ್ನುವುದನ್ನು ಮರೆಯುತ್ತೇವೆ.

ನೀರು ಕುಡಿಯದೆ, ಬಂದದ್ದನ್ನು ತಡೆದುಕೊಂಡರೆ ಏನಾಗುತ್ತದೆ? ಉರಿಮೂತ್ರ ಬರುತ್ತದೆ. ಸೋಂಕು ಮೂತ್ರಪಿಂಡದವರೆಗೂ ಏರಬಹುದು. ಚಳಿ ಜ್ವರ, ಸೊಂಟ ನೋವು ಬರಬಹುದು. ಕಲ್ಲು ಕಟ್ಟಬಹುದು. ಬಸುರಿಗೆ ಇದು ಇನ್ನೂ ಕೆಟ್ಟದ್ದು.

ನಮ್ಮ ಮೈಗೆ ನೀರು ಸಾಕೇ ಅಂತ ತಿಳಿಯುವುದು ಸುಲಭ. ಮೂತ್ರ ತಿಳಿ ಹಳದಿ ಇದ್ದರೆ ಸಾಕು. ಕಡು ಹಳದಿ ಇದ್ದರೆ ಸಾಲದು. ಬೇಸಿಗೆಯಲ್ಲಿ ದಿನಕ್ಕೆ ಎಂಟು ಹತ್ತು ದೊಡ್ಡ ಲೋಟ ಕುಡಿಯೋಣ. ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಬಾಯಾರುವ ತನಕ ಕಾಯಬಾರದು. ಹೃದಯದ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಬೇಕು.

ಒಬ್ಬರಿಂದ ಆಗದ್ದು

ನೀರು ಕುದಿಸುವುದು ನಮ್ಮ ಕೈಯಲ್ಲಿದೆ. ಶೌಚಾಲಯ ಕಟ್ಟಿಸುವುದು ಒಬ್ಬರ ಕೈಯಲ್ಲಿಲ್ಲ.

ಬೆಂಗಳೂರಿಗೆ 1898ರಲ್ಲಿ ಪ್ಲೇಗು ಬಂತು. ಪೇಟೆಯ ಇಕ್ಕಟ್ಟು ಮನೆಗಳಲ್ಲಿ ಬಹಳ ಜನ ಸತ್ತರು. ಊರಿನ ಹೊರಗೆ ಗಾಳಿ ಬೆಳಕು ಇರುವ ಬಡಾವಣೆ ಬೇಕು ಅಂತ ಆಗ ಎಲ್ಲರಿಗೂ ಅರಿವಾಯಿತು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಆ ಕಾಲದಲ್ಲಿ. ಅಗಲ ರಸ್ತೆ, ಮನೆಯ ಸುತ್ತ ಜಾಗ, ಸಾಲು ಮರ. ಇದೂ ಆರೋಗ್ಯವೇ. ಬೇವು ಬೆಲ್ಲದಿಂದ ಮಾತ್ರ ಊರು ಉಳಿಯುವುದಿಲ್ಲ. ರಸ್ತೆ, ಚರಂಡಿ, ನಲ್ಲಿ, ಶೌಚಾಲಯ ಎಲ್ಲವೂ ಬೇಕು.

ನಮ್ಮ ಗುಂಪು ಏನು ಮಾಡಿತು ಗೊತ್ತೆ? ಹೂವಿನ ಅಕ್ಕ, ಪಕ್ಕದ ಬಳೆ ಅಂಗಡಿಯ ಅಕ್ಕ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬರು ಹೋದಾಗ ಇನ್ನೊಬ್ಬರು ವ್ಯಾಪಾರ ನೋಡಿಕೊಳ್ಳುವುದು. ಹತ್ತಿರದ ಒಬ್ಬ ಅಜ್ಜಿ ತಮ್ಮ ಹಿತ್ತಲ ಬಚ್ಚಲು ಬಳಸಲು ಒಪ್ಪಿದರು. ಅಕ್ಕ ಈಗ ಮಂಕರಿಯ ಜೊತೆಗೆ ಎರಡು ಬಾಟಲಿ ನೀರು ತರುತ್ತಾಳೆ.

ಆಮೇಲೆ ಒಂದು ಅರ್ಜಿ ಬರೆದೆವು. “ನಮ್ಮ ರಸ್ತೆಯಲ್ಲಿ ಹೆಂಗಸರಿಗೆ ಶೌಚಾಲಯ ಬೇಕು” ಅಂತ. ಬರೆದವಳು ಹೂವಿನ ಅಕ್ಕನೇ. ಮೂರು ಸಲ ತಪ್ಪಾಯಿತು. ನಾಲ್ಕನೇ ಸಲ ಸರಿಯಾಯಿತು. ಇಪ್ಪತ್ತಮೂರು ಜನ ಸಹಿ ಮಾಡಿದೆವು. ಹೆಬ್ಬೆಟ್ಟು ಒಂದೂ ಇಲ್ಲ.

ಉತ್ತರ ಇನ್ನೂ ಬಂದಿಲ್ಲ. ಮತ್ತೆ ಹೋಗುತ್ತೇವೆ. ಕೇಳುತ್ತೇವೆ.

ಈಗ ಪುಸ್ತಕ ಮುಚ್ಚಿ. ಎದ್ದು ಒಂದು ಲೋಟ ನೀರು ಕುಡಿಯಿರಿ. ಮನೆಯವರಿಗೆ ಆಮೇಲೆ ಕೊಡಿ. ಮೊದಲು ನೀವು ಕುಡಿಯಿರಿ.

ಚರ್ಚಿಸೋಣ

1. ನಿಮ್ಮ ಮನೆಯಲ್ಲಿ ಬೇಸಿಗೆಗೆ ಏನೇನು ಅಡುಗೆ ಮಾಡುತ್ತೀರಿ? ಯಾಕೆ?

2. ಇವತ್ತು ಬೆಳಗ್ಗೆಯಿಂದ ನೀವು ಎಷ್ಟು ಲೋಟ ನೀರು ಕುಡಿದಿರಿ?

3. ನೀವು ದುಡಿಯುವ ಜಾಗದಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ? ಇಲ್ಲದಿದ್ದರೆ ಯಾರನ್ನು ಕೇಳಬೇಕು? ಅರ್ಜಿಯ ಮೊದಲ ಸಾಲು ಬರೆಯಿರಿ.